‘ನಾಲ್ಕು ಜನ ಏನಂದಾರು?’: ಒಂದು ಅಂಜಿಕೆಗೆ ಮಾತು ಹುಡುಕುವ ಪಾಠ



ತರಗತಿಯಲ್ಲಿ ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದೂ ಕೈ ಎತ್ತದವರ ಲೆಕ್ಕವನ್ನು ಯಾವ ಹಾಜರಿ ಪುಸ್ತಕವೂ ಇಡುವುದಿಲ್ಲ. ಪಾಠ ಮುಗಿದ ಮೇಲೆ ವರಾಂಡದಲ್ಲಿ ನಿಲ್ಲಿಸಿ “ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?” ಎಂದು ಕೇಳಿದರೆ ಸಿಗುವ ಉತ್ತರ “ಏನಿಲ್ಲ ಸಾರ್”. ಇನ್ನೂ ಒತ್ತಾಯ ಮಾಡಿದರೆ “ಒಂಥರಾ ಆಗುತ್ತೆ ಸಾರ್”. ಅಲ್ಲಿಗೆ ಮಾತು ನಿಂತುಹೋಗುತ್ತದೆ. ಈ ‘ಒಂಥರಾ’ ಎಂಬ ಮಾತಿನೊಳಗೆ ಏನೇನಿದೆ ಎಂದು ಬಿಡಿಸಿ ನೋಡುವುದು ಈ ಸಂಚಿಕೆಯ ಪಾಠ. ಇದು ಅರ್ಧ ಕನ್ನಡ ವ್ಯಾಕರಣದ ಪಾಠ, ಅರ್ಧ ಮನಸ್ಸಿನ ಪಾಠ. ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಬೇಡಿ. ವ್ಯಾಕರಣದ ಭಾಗ ಬಂದರೂ ಬಂದೀತು.

ಆ ನಾಲ್ಕು ಜನ ಯಾರು?

ನಮ್ಮ ಸಾದಲಿ ಹೋಬಳಿಯಲ್ಲಿ ಮೂರು ಭಾಷೆ ಕಿವಿಗೆ ಬೀಳದೆ ಒಂದು ದಿನವೂ ಕಳೆಯುವುದಿಲ್ಲ. ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ದಖನಿ ಉರ್ದು, ಇನ್ನು ಕೆಲವರ ಮನೆಯಲ್ಲಿ ತೆಲುಗು, ಶಾಲೆ ಕಾಲೇಜಿನಲ್ಲಿ ಕನ್ನಡ. ಈ ಮೂರೂ ಭಾಷೆಗಳಲ್ಲಿ ನಮ್ಮ ಅಂಜಿಕೆಗೆ ಇರುವ ಮಾತನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಕನ್ನಡದಲ್ಲಿ ‘ನಾಲ್ಕು ಜನ ಏನಂತಾರೆ?’ ತೆಲುಗಿನಲ್ಲಿ ‘ನಲುಗುರು ಏಮನುಕುಂಟಾರು?’ ಉರ್ದುವಿನಲ್ಲಿ ‘ಚಾರ್ ಲೋಗ್ ಕ್ಯಾ ಕಹೇಂಗೆ?’ ನಮ್ಮ ಮನೆಗಳ ದಖನಿಯಲ್ಲಾದರೆ ‘ಲೋಗಾಂ ಕ್ಯಾ ಬೋಲಿಂಗೆ?’

ಮೂರು ಭಾಷೆಯಲ್ಲೂ ಲೆಕ್ಕ ನಾಲ್ಕೇ. ಇಡೀ ಊರು ಅಲ್ಲ, ಇಡೀ ತಾಲ್ಲೂಕು ಅಲ್ಲ. ನಾಲ್ಕು ಎಂದರೆ ಇಲ್ಲಿ ‘ಕೆಲವರು’ ಎಂದರ್ಥ ಎಂದು ನಿಘಂಟು ಹೇಳೀತು, ನಿಜ. ಜನಾಝಾ ಹೊರಲು ಬೇಕಾದ ನಾಲ್ಕು ಹೆಗಲು ಇದೇ ನಾಲ್ಕು ಜನ ಎಂದು ಹಿರಿಯರು ತಮಾಷೆ ಮಾಡುವುದನ್ನೂ ಕೇಳಿದ್ದೇವೆ. ಆದರೆ ಈ ಮಾತು ಬಾಯಿಂದ ಬರುವಾಗ ನಮ್ಮ ಮನಸ್ಸಿನಲ್ಲಿರುವುದು ನಾಲ್ಕು ಮುಖಗಳಲ್ಲ. ಮುಖವೇ ಇಲ್ಲದ ಒಂದು ಗುಂಪು, ಅಷ್ಟೇ. ಮುಖವಿಲ್ಲದವರಿಗೆ ಉತ್ತರ ಕೊಡುವುದು ಹೇಗೆ? ಅವರನ್ನು ಒಪ್ಪಿಸುವುದಾದರೂ ಹೇಗೆ?

ಆದ್ದರಿಂದ ಮೊದಲ ಕೆಲಸ, ಆ ನಾಲ್ವರ ಹೆಸರು ಬರೆಯುವುದು. ಒಂದು ಹಾಳೆಯಲ್ಲಿ 1, 2, 3, 4 ಎಂದು ಬರೆದು ಎದುರಿಗೆ ಹೆಸರು ತುಂಬಿಸಿ. ಯಾರಿಗೂ ತೋರಿಸಬೇಕಾಗಿಲ್ಲ. ಬಹಳ ಜನರಿಗೆ ಎರಡನೆಯ ಹೆಸರಿನ ಹೊತ್ತಿಗೆ ಪೆನ್ನು ನಿಲ್ಲುತ್ತದೆ. ಕೆಲವರಿಗೆ ನಾಲ್ಕೂ ತುಂಬುತ್ತದೆ, ಆದರೆ ನಾಲ್ವರಲ್ಲಿ ಇಬ್ಬರು ಮನೆಯವರೇ ಆಗಿರುತ್ತಾರೆ. ಹೆಣ್ಣುಮಕ್ಕಳ ಹಾಳೆಯಲ್ಲಿ ಇನ್ನೊಂದು ಸಂಗತಿ ಕಾಣಬಹುದು. ಹೆದರಿಕೆ ತನ್ನದಲ್ಲ, ಅಮ್ಮಿಯದು. ಅಮ್ಮಿಗೆ ಇರುವುದು ಪಕ್ಕದ ಮನೆಯವರ ಹೆದರಿಕೆ. ಶಿಡ್ಲಘಟ್ಟದ ಬಸ್ಸು ತಡವಾದ ದಿನ ಮಗಳಿಗಿಂತ ಮೊದಲು ಮನೆಯೊಳಗೆ ಬಂದು ಕೂರುವುದು ಈ ಹೆದರಿಕೆಯೇ. ಅದನ್ನು ‘ನನ್ನ ಭಯ’ ಎಂದು ಬರೆದರೆ ಲೆಕ್ಕ ತಪ್ಪುತ್ತದೆ. ‘ಅಮ್ಮಿಯ ಭಯ, ನನ್ನ ಮೇಲೆ ಬಂದಿದೆ’ ಎಂದು ಬರೆದರೆ ಸರಿ.

ಒಂದು ದೀರ್ಘದ ವ್ಯತ್ಯಾಸ

ಪ್ರೌಢಶಾಲೆಯ ವ್ಯಾಕರಣದಲ್ಲಿ ಕ್ರಿಯಾಪದದ ಅರ್ಥರೂಪಗಳನ್ನು ಓದಿದ್ದೀರಿ: ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ. ಮೂರನೆಯದನ್ನು ಬಾಯಿಪಾಠ ಮಾಡಿ ಬಿಟ್ಟವರೇ ಹೆಚ್ಚು. ಒಂದು ಕ್ರಿಯೆ ನಡೆಯುವ ವಿಷಯದಲ್ಲಿ ಸಂಶಯವೋ ಊಹೆಯೋ ಇದ್ದಾಗ ಬಳಸುವ ರೂಪ ಅದು: ಬಂದಾನು, ಹೋದಾಳು, ಮಾಡಿಯಾರು. ಮಗು ಕಟ್ಟೆ ಹತ್ತಿದಾಗ ಅಜ್ಜಿ “ಬಿದ್ದೀಯ, ಜೋಕೆ” ಎನ್ನುತ್ತಾಳಲ್ಲ, ಅದೇ ರೂಪ. ಮಗು ಬಿದ್ದಿಲ್ಲ. ಬೀಳುತ್ತದೆ ಎಂದು ಗ್ಯಾರಂಟಿಯೂ ಇಲ್ಲ. ಬೀಳುವ ಸಂಭವ ಇದೆ, ಅಷ್ಟೇ.

ಈಗ ಈ ಎರಡು ಪದ ನೋಡಿ: ನಕ್ಕರು, ನಕ್ಕಾರು. ಮೊದಲನೆಯದು ಆಗಿಹೋದ ಸಂಗತಿ. ಎರಡನೆಯದು ಬರೀ ಊಹೆ. ನಡುವೆ ಇರುವುದು ಒಂದು ದೀರ್ಘ ಮಾತ್ರ. ಅಂದರು, ಅಂದಾರು. ಬೈದರು, ಬೈದಾರು. ಬಿಟ್ಟುಹೋದರು, ಬಿಟ್ಟುಹೋದಾರು. (ಎಲ್ಲ ಧಾತುಗಳಿಗೂ ಹೀಗೆ ಆಗುವುದಿಲ್ಲ, ನೋಡಿದರು, ನೋಡಿಯಾರು ಎಂದು ಬೇರೆಯೇ ಆಗುತ್ತದೆ. ಆದರೆ ನಮ್ಮ ಅಂಜಿಕೆಗೆ ಬೇಕಾದ ಧಾತುಗಳಲ್ಲಿ ಬಹಳಷ್ಟು ಈ ಗುಂಪಿನವೇ ಆಗಿರುವುದು ಒಂದು ತಮಾಷೆ.)

ಅಂಜಿಕೆ ಮಾಡುವ ಕೆಲಸ ಈ ದೀರ್ಘವನ್ನು ನುಂಗುವುದು. ಸೆಮಿನಾರಿನಲ್ಲಿ ಎದ್ದು ಮಾತನಾಡಬೇಕು. ‘ತಪ್ಪಾದರೆ ನಕ್ಕಾರು’ ಎಂದು ಮನಸ್ಸಿಗೆ ಬರುತ್ತದೆ. ಎರಡು ನಿಮಿಷದಲ್ಲಿ ಅದು ‘ನಗುತ್ತಾರೆ’ ಆಗುತ್ತದೆ. ಎದ್ದು ನಿಲ್ಲುವ ಹೊತ್ತಿಗೆ ‘ನಕ್ಕರು’ ಎಂದೇ ಆಗಿಬಿಟ್ಟಿರುತ್ತದೆ. ಯಾರೂ ಬಾಯಿ ತೆರೆಯುವ ಮೊದಲೇ ಕಿವಿ ಬಿಸಿಯಾಗಿರುತ್ತದೆ. ನಡೆಯದ ಸಂಗತಿಗೆ ನಡೆದ ಸಂಗತಿಯ ನೋವು.

ಮಾತನಾಡುವ ಕನ್ನಡದಲ್ಲಿ ಈಗ ‘ನಕ್ಕಾರು’ ಕಡಿಮೆಯಾಗಿ ‘ನಗ್ತಾರೇನೋ’, ‘ನಗಬಹುದು’ ಎನ್ನುವುದು ಜಾಸ್ತಿ. ತೆಲುಗಿನಲ್ಲಿ ‘ನವ್ವುತಾರೇಮೋ’ ಎಂದು ಕೊನೆಗೆ ‘ಏಮೋ’ ಸೇರಿಸುತ್ತಾರೆ. ದಖನಿಯಲ್ಲಿ ‘ಶಾಯದ್’ ಎಂದು ಮೊದಲೇ ಹೇಳಬೇಕು: ‘ಶಾಯದ್ ಹಸಿಂಗೆ’. ಯಾವುದಾದರೂ ಆಗಲಿ, ಆ ‘ಏನೋ’, ಆ ‘ಏಮೋ’, ಆ ‘ಶಾಯದ್’ ಬಿಟ್ಟುಹೋಗಬಾರದು. ಹೆದರಿಕೆ ಹೋಗಲಿ ಎಂದು ಇದನ್ನು ಹೇಳುತ್ತಿಲ್ಲ. ಹೆದರಿಕೆಯನ್ನು ಸರಿಯಾದ ವ್ಯಾಕರಣದಲ್ಲಿ ಬರೆಯಿರಿ ಎಂದು ಹೇಳುತ್ತಿದ್ದೇನೆ.

ಎಲ್ಲವೂ ನಾಚಿಕೆಯಲ್ಲ

ಕೈ ಎತ್ತದವರನ್ನೆಲ್ಲ ನಾವು ‘ನಾಚಿಕೆ ಸ್ವಭಾವ’ ಎಂದು ಒಂದೇ ಚೀಲಕ್ಕೆ ತುಂಬುತ್ತೇವೆ. ಕನ್ನಡದಲ್ಲಿ ಇದಕ್ಕೆ ಎಷ್ಟೊಂದು ಬೇರೆ ಬೇರೆ ಪದಗಳಿವೆ! ಹೊಸಬರ ಮುಂದೆ ಮೈ ಮುದುರುವುದು ಸಂಕೋಚ. ಹೊಸ ಜಾಗದಲ್ಲಿ ಎಲ್ಲಿ ಕೂರಬೇಕು, ಕೈ ಎಲ್ಲಿಡಬೇಕು ತಿಳಿಯದಿರುವುದು ಮುಜುಗರ. ಮಾಡಬೇಕೆಂದುಕೊಂಡ ಕೆಲಸದ ಹೊಸ್ತಿಲಲ್ಲಿ ಕಾಲು ಹಿಂದೆ ಸರಿಯುವುದು ಹಿಂಜರಿಕೆ. ಉರ್ದುವಿನ ‘ಝಿಜಕ್’ ಇದಕ್ಕೆ ಬಹಳ ಹತ್ತಿರ. ಒಳಗೊಳಗೇ ಸಣ್ಣಗೆ ಕೊರೆಯುವ ಅನುಮಾನ ಅಳುಕು. ಎಲ್ಲರಿಗಿಂತ ನಾನೇ ಕಡಿಮೆ ಎಂದು ಮೊದಲೇ ತೀರ್ಮಾನ ಮಾಡಿಕೊಂಡು ಕೂತಿರುವುದು ಕೀಳರಿಮೆ. ಮಾಡದ ತಪ್ಪು ತಲೆಗೆ ಅಂಟುವ ಭಯ ಅಪವಾದದ ಭಯ. ‘ಬದನಾಮಿ’ ಎಂದು ಮನೆಯಲ್ಲಿ ಕೇಳಿರುತ್ತೀರಿ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಸೀತಾ ಪರಿತ್ಯಾಗದ ಕಥೆಯಿದೆಯಲ್ಲ, ಅಲ್ಲಿ ರಾಜನನ್ನೇ ಅಲ್ಲಾಡಿಸಿದ್ದು ಈ ಲೋಕಾಪವಾದ.

ಪದ ಬೇರೆಯಾದರೆ ಮಾಡಬೇಕಾದ ಕೆಲಸವೂ ಬೇರೆ. ಮುಜುಗರಕ್ಕೆ ನಾಲ್ಕು ದಿನದ ಪರಿಚಯ ಸಾಕು. ಅಳುಕಿಗೆ ತಯಾರಿ ಬೇಕು. ಕೀಳರಿಮೆಗೆ ಇವೆರಡೂ ತಾಗುವುದಿಲ್ಲ. ಅವನು ಎಷ್ಟೇ ತಯಾರಾದರೂ ಪಕ್ಕದವನು ಇನ್ನೂ ತಯಾರಾಗಿದ್ದಾನೆ ಎಂದೇ ಕಾಣುತ್ತದೆ. ‘ಒಂಥರಾ’ ಎಂದು ಹೇಳುವವರೆಗೆ ಇದರಲ್ಲಿ ಯಾವುದಕ್ಕೂ ಮದ್ದು ಸಿಗುವುದಿಲ್ಲ. ವೈದ್ಯರ ಹತ್ತಿರ ಹೋಗಿ “ಒಂಥರಾ ನೋವು” ಎಂದರೆ ಅವರಾದರೂ ಏನು ಮಾಡಿಯಾರು? ಎಲ್ಲಿ ನೋವು ಎಂದೇ ಮೊದಲು ಕೇಳುತ್ತಾರೆ.

ಇಲ್ಲಿ ‘ಹಯಾ’ ಎಂಬ ಪದದ ಬಗ್ಗೆ ಸ್ವಲ್ಪ ನಿಲ್ಲಬೇಕು. ಏಕೆಂದರೆ ನಮ್ಮ ಮನೆಗಳಲ್ಲಿ ಮೌನವನ್ನು ಅದರ ಹೆಸರಿನಲ್ಲಿ ಸಮರ್ಥಿಸುವುದುಂಟು. ಹಯಾ ಈಮಾನಿನ ಭಾಗ ಎಂದು ಹದೀಸಿನಲ್ಲಿದೆ, ಸಂದೇಹವಿಲ್ಲ. ಕೆಟ್ಟ ಕೆಲಸದಿಂದ ನಮ್ಮನ್ನು ತಡೆಯುವುದು ಹಯಾ. ಆದರೆ ಕಲಿಯುವುದರಿಂದ ತಡೆಯುವುದು? ಅನ್ಸಾರಿ ಮಹಿಳೆಯರು ಧರ್ಮದ ವಿಷಯ ಕಲಿಯಲು ಹಯಾ ಅಡ್ಡಬರದಂತೆ ನೋಡಿಕೊಂಡರೆಂದು ಹಝ್ರತ್ ಆಯಿಶಾ (ರ) ಅವರನ್ನು ಮೆಚ್ಚಿದ್ದರು.

ಇದೇ ಜ್ಞಾನದ ಅಧ್ಯಾಯದಲ್ಲಿ ಸಹೀಹ್ ಬುಖಾರಿಯಲ್ಲಿ ಒಂದು ಪ್ರಸಂಗವಿದೆ. ನಮ್ಮ ತರಗತಿಗೇ ಹೇಳಿ ಮಾಡಿಸಿದಂತಿದೆ. ಪ್ರವಾದಿ ಮುಹಮ್ಮದ್ (ಸ) ಸಂಗಾತಿಗಳಿಗೆ ಒಂದು ಒಗಟು ಕೇಳಿದರು: ಎಲೆ ಉದುರದ ಒಂದು ಮರ, ಅದು ಮುಸ್ಲಿಮನ ಹಾಗೆ, ಯಾವುದು ಹೇಳಿ? ಕೂತವರ ಯೋಚನೆ ಕಾಡಿನ ಮರಗಳ ಕಡೆ ಹೋಯಿತು. ಅವರಲ್ಲಿದ್ದ ಹುಡುಗ ಅಬ್ದುಲ್ಲಾ ಇಬ್ನ್ ಉಮರ್ (ರ) ಅವರಿಗೆ ಉತ್ತರ ಹೊಳೆದಿತ್ತು, ಖರ್ಜೂರದ ಮರ. ಆದರೆ ಹಿರಿಯರೆಲ್ಲ ಸುಮ್ಮನಿರುವಾಗ ತಾನು ಹೇಳುವುದು ಹೇಗೆಂದು ನಾಚಿ ಸುಮ್ಮನಾದರು. ಪ್ರವಾದಿಯವರೇ ಉತ್ತರ ಹೇಳಿದರು. ಆಮೇಲೆ ತಂದೆ ಹಝ್ರತ್ ಉಮರ್ (ರ) ಅವರಿಗೆ ಈ ವಿಷಯ ತಿಳಿಸಿದಾಗ, ನೀನು ಹೇಳಿದ್ದರೆ ನನಗೆ ಎಷ್ಟೋ ಸಂಪತ್ತಿಗಿಂತ ಹೆಚ್ಚು ಸಂತೋಷವಾಗುತ್ತಿತ್ತು ಎಂಬರ್ಥದ ಮಾತು ಹೇಳಿದರು. ಗಮನಿಸಿ, ತಂದೆ ಬೈಯಲಿಲ್ಲ, ಹೇಡಿ ಎನ್ನಲಿಲ್ಲ. ಮಗನೂ ‘ಏನಿಲ್ಲ’ ಎಂದು ತಪ್ಪಿಸಿಕೊಳ್ಳಲಿಲ್ಲ; ಯಾಕೆ ಸುಮ್ಮನಿದ್ದೆ ಎಂದು ಬಿಡಿಸಿ ಹೇಳಿದರು. ಹಾಗೆ ಹೇಳಿದ್ದರಿಂದಲೇ ಇಷ್ಟು ನೂರು ವರ್ಷದ ಮೇಲೆ ಸಾದಲಿಯಲ್ಲಿ ನಾವು ಅದನ್ನು ಓದುತ್ತಿದ್ದೇವೆ.

ಬಾಯಿಬಿಟ್ಟು ಹೇಳಿದರೆ ಮುಗಿಯುವಂಥದ್ದು

ಕೆಲವು ಅಂಜಿಕೆಗೆ ಒಂದು ವಾಕ್ಯ ಸಾಕು. ರಮಝಾನಿನ ಕೊನೆಯ ಹತ್ತರಲ್ಲಿ ಪ್ರವಾದಿಯವರು ಮಸೀದಿಯಲ್ಲಿ ಇಅ್ತಿಕಾಫ್ ಕುಳಿತಿದ್ದಾಗ ಪತ್ನಿ ಸಫಿಯ್ಯಾ (ರ) ರಾತ್ರಿ ಭೇಟಿಗೆ ಬಂದಿದ್ದರು. ಅವರನ್ನು ಕಳಿಸಲು ಪ್ರವಾದಿಯವರು ಜೊತೆಗೆ ಹೊರಟಾಗ ಇಬ್ಬರು ಅನ್ಸಾರಿಗಳು ನೋಡಿ ಬಿರಬಿರನೆ ಹೆಜ್ಜೆ ಹಾಕಿದರು. ಪ್ರವಾದಿಯವರು ಅವರನ್ನು ನಿಲ್ಲಿಸಿ, ಇವರು ಸಫಿಯ್ಯಾ ಎಂದು ತಿಳಿಸಿದರು. ಅವರು ಗಾಬರಿಯಾಗಿ, ನಿಮ್ಮ ಬಗ್ಗೆ ನಾವು ಬೇರೆ ಯೋಚಿಸುವುದುಂಟೇ ಎಂದರು. ಶೈತಾನ ನಿಮ್ಮ ಮನಸ್ಸಿನಲ್ಲಿ ಏನಾದರೂ ಹಾಕಿಯಾನು ಎಂದು ಹೇಳಿದೆ ಎಂಬುದು ಪ್ರವಾದಿಯವರ ಉತ್ತರದ ಭಾವ.

ಅಷ್ಟು ದೊಡ್ಡವರು ವಿವರಣೆ ಕೊಡಬೇಕಿತ್ತೇ ಎಂದು ಅನ್ನಿಸಬಹುದು. ವಿವರಣೆ ಎಷ್ಟು ಚಿಕ್ಕದು ನೋಡಿ! ಒಂದು ಹೆಸರು, ಅಷ್ಟೇ. ಆಣೆ ಪ್ರಮಾಣ ಇಲ್ಲ, ಕೋಪ ಇಲ್ಲ, ಕ್ಷಮೆ ಕೇಳುವುದೂ ಇಲ್ಲ. ಕನ್ನಡದಲ್ಲಿ ಇದಕ್ಕೊಂದು ತಯಾರು ಮಾತಿದೆ: ‘ತಪ್ಪು ತಿಳ್ಕೋಬೇಡಿ’. “ತಪ್ಪು ತಿಳ್ಕೋಬೇಡಿ ಮೇಡಂ, ನಿನ್ನೆ ತರಗತಿಯಿಂದ ಎದ್ದು ಹೋಗಿದ್ದು ಅಸ್ರ್ ನಮಾಝಿನ ಹೊತ್ತಾಯಿತು ಅಂತ.” “ತಪ್ಪು ತಿಳ್ಕೋಬೇಡ ಕಣೋ, ನಿನ್ನ ನೋಟ್ಸು ವಾಪಸು ಕೊಡೋದು ತಡವಾಯ್ತು, ಮನೆಯಲ್ಲಿ ಹುಳು ಹಣ್ಣಾಗಿತ್ತು.” ಎಷ್ಟೋ ವಾರಗಳ ಮುಖ ತಿರುಗಿಸುವಿಕೆ ಇಷ್ಟರಿಂದ ತಪ್ಪುತ್ತದೆ.

ನಿಂದೆಯನ್ನು ಮೂರು ಭಾಗ ಮಾಡಿದ ಗಝ್ಝಾಲಿ

ಬರೀ ಊಹೆಯಲ್ಲ, ನಿಜವಾಗಿಯೇ ಯಾರೋ ಕೆಟ್ಟದಾಗಿ ಹೇಳಿದ್ದಾರೆ ಎಂದಿಟ್ಟುಕೊಳ್ಳಿ. ಆಗ? 1111ರಲ್ಲಿ ತೀರಿಕೊಂಡ ಇಮಾಮ್ ಗಝ್ಝಾಲಿ ‘ಇಹ್ಯಾ ಉಲೂಮುದ್ದೀನ್’ ಗ್ರಂಥದಲ್ಲಿ ನಿಂದೆ ಸಹಿಸಲಾಗದ ಮನಸ್ಸಿಗೆ ಚಿಕಿತ್ಸೆ ಹೇಳುತ್ತಾರೆ. ಅವರ ಪ್ರಕಾರ ನಿಂದಿಸುವವನು ಮೂರರಲ್ಲಿ ಒಬ್ಬ. ಒಂದು, ನಿಜ ಹೇಳುತ್ತಿದ್ದಾನೆ, ಉದ್ದೇಶ ನಿನ್ನ ಒಳಿತು. ಎರಡು, ನಿಜವನ್ನೇ ಹೇಳುತ್ತಿದ್ದಾನೆ, ಉದ್ದೇಶ ನೋಯಿಸುವುದು. ಮೂರು, ಸುಳ್ಳು ಹೇಳುತ್ತಿದ್ದಾನೆ. ಮೊದಲನೆಯವನಿಗೆ ಕೃತಜ್ಞತೆ ಹೇಳಬೇಕು. ಎರಡನೆಯವನ ಉದ್ದೇಶ ಅವನ ಪಾಲಿಗೆ. ನಿನಗೆ ಕಾಣದಿದ್ದ ಒಂದು ಕುಂದು ಅವನಿಂದ ಕಂಡಿತು, ಅದು ನಿನ್ನ ಲಾಭ. ಮೂರನೆಯವನು ಹೇಳಿದ ಕುಂದು ನಿನ್ನಲ್ಲಿ ಇಲ್ಲವೇ ಇಲ್ಲ, ಹಾನಿ ಅವನಿಗೇ.

ಎರಡನೆಯ ಬಗೆ ಓದಲು ಸುಲಭ, ನುಂಗಲು ಕಷ್ಟ. ಹದಿನಾರು ಹದಿನೇಳರ ವಯಸ್ಸಿನಲ್ಲಿ ನೋಯಿಸಲೆಂದೇ ಹೇಳಿದ ಮಾತಿನಿಂದ ಲಾಭ ತೆಗೆಯುವುದು ದೊಡ್ಡವರಿಗೂ ಬರದ ವಿದ್ಯೆ. ಆದರೂ ಆ ಮೂರು ಪ್ರಶ್ನೆಗಳು ಪ್ರಯೋಜನಕ್ಕೆ ಬರುತ್ತವೆ. ‘ನಿಂದೆ’ ಎಂಬ ಒಂದು ದೊಡ್ಡ ಬಂಡೆ ಮೂರು ಕಲ್ಲಾಗಿ ಒಡೆಯುತ್ತದೆ. ಹುಟ್ಟಿದ ಮೇಲೆ ಹೊಗಳಿಕೆ ತೆಗಳಿಕೆ ಎರಡೂ ಬರುವುದೇ, ಅದಕ್ಕೆ ಸಿಟ್ಟಾಗಬೇಡ ಎಂಬ ಅರ್ಥದ ಅಕ್ಕಮಹಾದೇವಿಯ ವಚನವನ್ನು ನೀವು ಕೇಳಿರುತ್ತೀರಿ. ಗಝ್ಝಾಲಿಯವರ ಪುಟ ಓದಿ ಆ ವಚನ ಓದಿದರೆ, ನಿಶಾಪುರ ಬಗ್ದಾದುಗಳಿಗೂ ಕಲ್ಯಾಣಕ್ಕೂ ಅಷ್ಟು ದೂರವಿಲ್ಲ ಎನ್ನಿಸುತ್ತದೆ.

‘ನಕ್ಕಾರು’ ಅಲ್ಲ, ‘ನಕ್ಕರು’ ಆದಾಗ

ಇಲ್ಲಿಯವರೆಗೆ ಹೇಳಿದ್ದನ್ನು ಓದಿ ಯಾರಾದರೂ ಕೇಳಬಹುದು: “ಸಾರ್, ನನ್ನದು ಬರೀ ಊಹೆಯಲ್ಲ. ನನ್ನ ಹೆಸರು ಕೇಳಿದ ತಕ್ಷಣ ಎದುರಿನವರ ಮುಖ ಬದಲಾಗುವುದನ್ನು ನಾನೇ ನೋಡಿದ್ದೇನೆ.” ಈ ಪ್ರಶ್ನೆ ಬಿಟ್ಟು ಮುಂದೆ ಹೋದರೆ ಈ ಪಾಠ ಪ್ರಾಮಾಣಿಕವಾಗುವುದಿಲ್ಲ. ಊಹೆ ಬೇರೆ, ಅನುಭವ ಬೇರೆ. ಅನುಭವವನ್ನು ‘ನಿನ್ನ ಭ್ರಮೆ’ ಎಂದು ತಳ್ಳಿಹಾಕಬಾರದು.

ಇದಕ್ಕೆ ಕನ್ನಡದಲ್ಲಿ ಮಾತು ಹುಡುಕಿಕೊಟ್ಟವರು ನಮ್ಮ ನೆರೆಯ ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್. ಭೂವಿಜ್ಞಾನ ಓದಿ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತಿದ್ದವರು. 1960ರಲ್ಲಿ ಮೊದಲ ಸಂಕಲನ ‘ಮನಸು ಗಾಂಧಿ ಬಜಾರು’ ಬಂತು. ‘ನಿತ್ಯೋತ್ಸವ’ ನಿಮಗೆ ಬಾಯಿಪಾಠ. ಅದೇ ಕೈ ಬರೆದ ಇನ್ನೊಂದು ಕವಿತೆ ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’. ಜೊತೆಯಲ್ಲೇ ಇರುವ, ಕಾಫಿ ಕುಡಿಯುತ್ತ ಹರಟುವ ಗೆಳೆಯರು ಒಳಗೊಳಗೆ ತನ್ನನ್ನು ಶಂಕಿಸುತ್ತಾರೆ ಎಂದು ಗೊತ್ತಿದ್ದೂ ಗೊತ್ತಿಲ್ಲದವನಂತೆ ಬಾಳುವುದು ಎಷ್ಟು ಕಷ್ಟ ಎಂಬುದು ಆ ಕವಿತೆಯ ವಸ್ತು. ಗ್ರಂಥಾಲಯದಲ್ಲಿ ಹುಡುಕಿ ಓದಿ. ಇಲ್ಲಿ ಸಾರಾಂಶ ಕೊಟ್ಟು ಅದರ ರುಚಿ ಕೆಡಿಸುವುದಿಲ್ಲ.

ಪಾಠಕ್ಕೆ ಬೇಕಾದ ಒಂದೇ ಅಂಶವನ್ನು ತೋರಿಸುತ್ತೇನೆ. ಕವಿತೆಯ ಹೆಸರನ್ನು ನೋಡಿ. ‘ಅವರೊಡನಿದ್ದೂ ಅವರಂತಾಗದೆ’ ಎಂದಿಲ್ಲ. ‘ಜನರೊಡನೆ’ ಎಂದೂ ಇಲ್ಲ. ‘ನಿಮ್ಮೊಡನೆ’ ಎಂದಿದೆ. ಪ್ರಥಮ ಪುರುಷದ ಮುಖವಿಲ್ಲದ ‘ನಾಲ್ಕು ಜನ’ ಇಲ್ಲಿ ಮಧ್ಯಮ ಪುರುಷದ ‘ನೀವು’ ಆಗಿದ್ದಾರೆ. ಬೆನ್ನ ಹಿಂದೆ ಗೊಣಗುವ ಮಾತಲ್ಲ, ಎದುರಿಗೆ ಕೂತವರಿಗೆ ಹೇಳುವ ಮಾತು. ‘ನಿಮ್ಮೊಡನೆ’ ಎಂದವರು ಬಿಟ್ಟುಹೋಗುವವರಲ್ಲ, ಜೊತೆಗಿದ್ದುಕೊಂಡೇ ಹೇಳುವವರು. ಆ ಕವಿ ಹಾಗೇ ಜೊತೆಗಿದ್ದರು. 2006ರಲ್ಲಿ ಶಿವಮೊಗ್ಗದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 2020ರ ಮೇ 3ರಂದು ತೀರಿಕೊಂಡಾಗ ನಾಡಿಗೆ ನಾಡೇ ತನ್ನವರೆಂದು ದುಃಖಿಸಿತು.

ನಿಜವಾದ ಶಂಕೆಗೆ ಕನ್ನಡದಲ್ಲಿ ‘ಗುಮಾನಿ’ ಎನ್ನುತ್ತೇವೆ. ಫಾರಸಿಯ ‘ಗುಮಾನ್’ ನಮ್ಮ ಭಾಷೆಯಲ್ಲಿ ಮನೆ ಮಾಡಿಕೊಂಡಿರುವುದು ಹೀಗೆ. ಮನೆಯ ಉರ್ದುವಿನಲ್ಲಿ ‘ಬದ್‌ಗುಮಾನಿ’ ಎಂದಾದರೆ ಕೆಟ್ಟದ್ದನ್ನೇ ಊಹಿಸುವುದು. ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 12ನೆಯ ವಚನ ಹೆಚ್ಚಿನ ಗುಮಾನಿಗಳಿಂದ ದೂರವಿರಲು, ಇನ್ನೊಬ್ಬರ ಗುಟ್ಟು ಕೆದಕದಿರಲು ಹೇಳುತ್ತದೆ. ಆ ಆಜ್ಞೆ ಯಾರಿಗೆ? ಗುಮಾನಿಗೆ ಒಳಗಾದವನಿಗಲ್ಲ, ಗುಮಾನಿ ಪಡುವವನಿಗೆ. ಅಂದರೆ ಎದುರಿನವರ ಶಂಕೆಯನ್ನು ತೊಡೆದುಹಾಕುವ ಹೊರೆಯೆಲ್ಲ ನಿಮ್ಮ ಹೆಗಲ ಮೇಲಿಲ್ಲ. ನಿಮ್ಮ ಪಾಲಿನ ವಾಕ್ಯ ಹೇಳಿ, ಉಳಿದದ್ದು ಅವರ ಪಾಲು. ಇದೇ ಆಜ್ಞೆ ನಮಗೂ ಅನ್ವಯಿಸುತ್ತದೆ ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಮಧ್ಯಾಹ್ನ ಒಬ್ಬಳೇ ಕೂತು ಊಟ ಮಾಡುವ ಹುಡುಗಿಯನ್ನು ‘ಜಂಬ’ ಎಂದವರು ನಮ್ಮ ಬೆಂಚುಗಳಲ್ಲೇ ಇದ್ದಾರೆ.

ಅಳತೆ ಮಾಡಿದವರು

ಮನೋವಿಜ್ಞಾನ ಈ ಅಂಜಿಕೆಯನ್ನು ಬಿಡಿಯಾಗಿ ಗುರುತಿಸಿದ್ದು ಬಹಳ ಹಿಂದೇನಲ್ಲ. 1969ರಲ್ಲಿ ವಾಟ್ಸನ್ ಮತ್ತು ಫ್ರೆಂಡ್ ಎಂಬ ಇಬ್ಬರು ‘ಇತರರ ಕೆಟ್ಟ ಅಭಿಪ್ರಾಯದ ಭಯ’ವನ್ನು ಅಳೆಯಲು 30 ವಾಕ್ಯಗಳ ಒಂದು ಪಟ್ಟಿ ಮಾಡಿದರು, ಪ್ರತಿ ವಾಕ್ಯಕ್ಕೂ ‘ನನಗೆ ನಿಜ’, ‘ನಿಜವಲ್ಲ’ ಎಂದು ಗುರುತು ಹಾಕಬೇಕು. 1983ರಲ್ಲಿ ಲಿಯರಿ ಅದನ್ನು 12 ವಾಕ್ಯಕ್ಕೆ ಇಳಿಸಿದರು.

ನಿಮಗೆ ಹೆಚ್ಚು ಇಷ್ಟವಾಗುವುದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗ. 2000ದಲ್ಲಿ ಪ್ರಕಟವಾದದ್ದು, ಗಿಲೊವಿಚ್ ಮತ್ತು ಜೊತೆಗಾರರದು. ಹಾಕಿಕೊಳ್ಳಲು ನಾಚುವಂಥ, ಒಬ್ಬ ಗಾಯಕನ ಚಿತ್ರವಿದ್ದ ಟೀ ಶರ್ಟನ್ನು ಒಬ್ಬ ವಿದ್ಯಾರ್ಥಿಗೆ ತೊಡಿಸಿ ಬೇರೆ ವಿದ್ಯಾರ್ಥಿಗಳು ಕೂತ ಕೋಣೆಗೆ ಕಳಿಸಿದರು. ಎಷ್ಟು ಜನ ಗಮನಿಸಿರಬಹುದು ಎಂದು ಆಮೇಲೆ ಕೇಳಿದರೆ, ತೊಟ್ಟವರ ಅಂದಾಜು ಸುಮಾರು ಅರ್ಧದಷ್ಟು. ನಿಜವಾಗಿ ಗಮನಿಸಿದವರು ಸುಮಾರು ಕಾಲು ಭಾಗ. ಉಳಿದವರು ಏನು ಮಾಡುತ್ತಿದ್ದರು? ಪ್ರಾಯಶಃ ತಮ್ಮ ಅಂಗಿಯ ಚಿಂತೆಯಲ್ಲಿದ್ದರು. ಆದರೂ ಕಾಲು ಭಾಗ ಸೊನ್ನೆಯಲ್ಲ. ‘ಯಾರೂ ನೋಡಲ್ಲ ಬಿಡು’ ಎಂಬ ಸಮಾಧಾನವೂ ಸುಳ್ಳೇ. ಕೆಲವರು ನೋಡುತ್ತಾರೆ. ನಾವು ಹೆದರಿದಷ್ಟು ಜನ ಅಲ್ಲ.

ಇನ್ನೊಂದು, 2007ರ ಲೀಬರ್‌ಮನ್ ತಂಡದ ಕೆಲಸ. ಭಾವನೆ ತುಂಬಿದ ಮುಖಗಳ ಚಿತ್ರ ತೋರಿಸಿ, ಆ ಭಾವನೆಗೆ ಸರಿಯಾದ ಪದ ಆರಿಸಲು ಹೇಳಿದಾಗ ಮಿದುಳಿನಲ್ಲಿ ಭಯಕ್ಕೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ತಗ್ಗಿತು. ಪದ ಹುಡುಕುವುದು ಬರೀ ಭಾಷಾ ಮೇಷ್ಟರ ಹವ್ಯಾಸವಲ್ಲ ಎಂಬುದಕ್ಕೆ ಇಷ್ಟು ಸಾಕು.

ಒಂದು ಮಾದರಿ

ಶಿಡ್ಲಘಟ್ಟದಲ್ಲಿ ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದಿದೆ. ನಮ್ಮ ಎಷ್ಟೋ ಮನೆಗಳ ಅನ್ನ ನೂಲು ಬಿಚ್ಚುವ ಕೆಲಸದಿಂದ. ಬೆಳಿಗ್ಗೆ ಎದ್ದು ಬಿಸಿನೀರಿನ ಬೇಸಿನ್ನಿನ ಮುಂದೆ ಅಬ್ಬಾಗೆ ಕೈ ಜೋಡಿಸಿ ಆಮೇಲೆ ಕಾಲೇಜಿಗೆ ಬರುವ ಹುಡುಗನೊಬ್ಬನನ್ನು ಊಹಿಸಿಕೊಳ್ಳೋಣ. ಅವನ ಬೆರಳು ನೀರಿನಲ್ಲಿ ನೆಂದು ಬಿಳಚಿಕೊಂಡಿವೆ. ಬೆಂದ ಹುಳುವಿನ ವಾಸನೆ ಅಂಗಿಗೆ ಅಂಟಿದೆ. ಅವನು ಕೊನೆಯ ಬೆಂಚಿನಲ್ಲಿ ಒಬ್ಬನೇ ಕೂರುತ್ತಾನೆ.

ಅವನ ಮೊದಲ ವಾಕ್ಯ: ‘ಎಲ್ಲರೂ ನನ್ನನ್ನು ಕೀಳಾಗಿ ನೋಡ್ತಾರೆ.’ ‘ಎಲ್ಲರೂ’ ಯಾರು? ಎರಡನೆಯ ಬೆಂಚಿನ ಇಬ್ಬರು. ‘ನೋಡ್ತಾರೆ’ಯೋ, ‘ನೋಡಿಯಾರು’ ಎಂಬ ಊಹೆಯೋ? ಒಬ್ಬ ಒಂದು ಸಲ ಮೂಗು ಮುಚ್ಚಿಕೊಂಡಿದ್ದು ನಿಜ, ಇನ್ನೊಬ್ಬನದು ಊಹೆ. ಭಾವನೆ ಯಾವುದು? ಕೀಳರಿಮೆಯಲ್ಲ, ಕೆಲಸದ ಬಗ್ಗೆ ಅವನಿಗೆ ಹೆಮ್ಮೆಯೇ ಇದೆ. ಇದು ವಾಸನೆಯ ಮುಜುಗರ. ಈಗ ವಾಕ್ಯ ಹೀಗಾಗುತ್ತದೆ: ‘ಒಬ್ಬ ಒಂದು ಸಲ ಮೂಗು ಮುಚ್ಚಿದ. ಅವನ ಜೊತೆಯವನೂ ಮುಚ್ಚಿಯಾನು ಎಂದು ನನಗೆ ಮುಜುಗರ.’ ಮುಜುಗರಕ್ಕೆ ಕೆಲಸ ಇದೆ: ಇನ್ನೊಂದು ಅಂಗಿ ಚೀಲದಲ್ಲಿಟ್ಟುಕೊಂಡು ಬರಬಹುದು, ಇಲ್ಲವೇ ಆ ಹುಡುಗನಿಗೆ “ತಪ್ಪು ತಿಳ್ಕೋಬೇಡ, ಬೆಳಿಗ್ಗೆ ಬೇಸಿನ್ ಕೆಲಸ ಮುಗಿಸಿ ಬಂದೆ” ಎನ್ನಬಹುದು. ‘ಎಲ್ಲರೂ ಕೀಳಾಗಿ ನೋಡ್ತಾರೆ’ ಎಂಬ ವಾಕ್ಯಕ್ಕೆ ಮಾಡಲು ಯಾವ ಕೆಲಸವೂ ಇರಲಿಲ್ಲ.

ಈ ವಾಕ್ಯವನ್ನು ಮನಸ್ಸು ತಿಳಿಯಾಗಿರುವಾಗ ಬರೆದಿಟ್ಟುಕೊಳ್ಳಿ. ಹತ್ತನೆಯ ಶತಮಾನದ ಆರಂಭದಲ್ಲಿ ಬಾಳಿದ್ದ ಬಲ್ಖ್ ಊರಿನ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆ ಒಂದೇ ಗ್ರಂಥ ಬರೆದವರು. ಮೈಗೆ ಬೇಕಾದ ಔಷಧವನ್ನು ಮೊದಲೇ ತಂದಿಟ್ಟುಕೊಳ್ಳುವಂತೆ ಮನಸ್ಸಿಗೆ ಬೇಕಾದ ಯೋಚನೆಯನ್ನೂ ನೆಮ್ಮದಿಯ ಹೊತ್ತಿನಲ್ಲೇ ಕೂಡಿಟ್ಟುಕೊಳ್ಳಬೇಕು ಎಂಬುದು ಅವರ ಸಲಹೆ.

ಗೆಳತಿಯೋ ಗೆಳೆಯನೋ ಇಂಥ ವಾಕ್ಯ ನಿಮಗೆ ಹೇಳಿದರೆ “ಅಯ್ಯೋ, ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡ” ಎನ್ನಬೇಡಿ. ಅಲ್ಲಿಗೆ ಅವರು ಮತ್ತೆ ‘ಏನಿಲ್ಲ’ಕ್ಕೆ ವಾಪಸಾಗುತ್ತಾರೆ. “ಯಾರು?” “ಏನಂದರು? ಅಂದರೋ, ಅಂದಾರೋ?” ಎಂದು ಕೇಳಿ. ಕೇಳಿ ಸುಮ್ಮನೆ ಕೂರಿ.

ಮಾತಿಗೆ ಮೀರಿದಾಗ

ಕೆಲವರಿಗೆ ಈ ಅಂಜಿಕೆ ವ್ಯಾಕರಣದ ಮಟ್ಟದಲ್ಲಿ ನಿಲ್ಲುವುದಿಲ್ಲ. ಇತರರ ಮುಂದೆ ಊಟ ಮಾಡಲಾಗದು, ಬರೆಯುವಾಗ ಯಾರಾದರೂ ನೋಡಿದರೆ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ತರಗತಿ ತಪ್ಪಿಸುತ್ತಾರೆ. ಇದು ಸ್ವಭಾವದ ದೋಷವಲ್ಲ, ಈಮಾನಿನ ಕೊರತೆಯೂ ಅಲ್ಲ. ಸಾಮಾಜಿಕ ಆತಂಕ ಎಂಬ ಹೆಸರಿನ, ಚಿಕಿತ್ಸೆ ಇರುವ ತೊಂದರೆ. ದುಆ ಮಾಡಿ, ಜೊತೆಗೆ ವೈದ್ಯರನ್ನೂ ಕಾಣಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಬೆನ್ನಿಗಿದೆ. ಫೋನು ಮಾಡಿ ಮೊದಲು ಏನು ಹೇಳುವುದು ಎಂಬುದೇ ಹಲವರ ಚಿಂತೆ. “ಬೇರೆಯವರು ನನ್ನ ಬಗ್ಗೆ ಕೆಟ್ಟದಾಗಿ ಅಂದುಕೊಂಡಾರು ಅನ್ನೋ ಭಯದಿಂದ ತರಗತಿಗೆ ಹೋಗೋಕೆ ಆಗ್ತಿಲ್ಲ” ಎಂದರೆ ಸಾಕು. ಈ ವಾಕ್ಯವನ್ನು ಕತ್ತರಿಸಿ ಇಟ್ಟುಕೊಳ್ಳಬಹುದು.

ಅಭ್ಯಾಸ

1. ಈ ಕ್ರಿಯಾಪದಗಳನ್ನು ಸಂಭಾವನಾರ್ಥಕಕ್ಕೆ ತಿರುಗಿಸಿ: ಬಂದರು, ಕೇಳಿದರು, ಬಿಟ್ಟರು, ತಿಳಿದರು, ಮರೆತರು. ಯಾವುದರಲ್ಲಿ ದೀರ್ಘ ಮಾತ್ರ ಬದಲಾಯಿತು, ಯಾವುದರಲ್ಲಿ ರೂಪವೇ ಬದಲಾಯಿತು?

2. ಸಂಕೋಚ, ಮುಜುಗರ, ಅಳುಕು, ಹಿಂಜರಿಕೆ: ಪ್ರತಿಯೊಂದಕ್ಕೂ ನಿಮ್ಮ ದಿನಚರಿಯಿಂದ ಒಂದೊಂದು ವಾಕ್ಯ ಬರೆಯಿರಿ.

3. ನಿಮ್ಮ ಮನೆಯ ಮಾತಿನಲ್ಲಿ ‘ನಾಲ್ಕು ಜನ ಏನಂತಾರೆ’ ಎಂಬುದಕ್ಕೆ ಬೇರೆ ಮಾತುಗಳಿದ್ದರೆ ದಾದಿಯನ್ನೋ ನಾನಿಯನ್ನೋ ಅವ್ವನನ್ನೋ ಕೇಳಿ ಬರೆದು ತನ್ನಿ. ದಖನಿ, ತೆಲುಗು, ಕನ್ನಡ ಯಾವುದಾದರೂ ಸರಿ. ಬಂದದ್ದನ್ನು ಮುಂದಿನ ಸಂಚಿಕೆಯಲ್ಲಿ ಹಾಕೋಣ. ಹೆಸರು ಬೇಡವೆಂದರೆ ಹಾಕುವುದಿಲ್ಲ.

4. ಮೊದಲ ಭಾಗದಲ್ಲಿ ಬರೆದ ನಾಲ್ಕು ಹೆಸರಿನ ಹಾಳೆ ಇದೆಯಲ್ಲ, ಅದನ್ನು ತರಬೇಡಿ. ಅದು ನಿಮ್ಮದು.